ಬೇಲಿ ಸವರುವ ಮುಂಚೆ ಕಿವಿ ಕೊಡಿ

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲ ಕಳೆದ ಮೇಲೆ ತೋಟದ ಬೇಲಿ ಸವರುವುದು ಮಾಮೂಲು. ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿಗೂ ಕತ್ತಿ ಬೀಳುತ್ತಿತ್ತು. "ಅದು ಮದ್ದಿನ ಬಳ್ಳಿ, ಕಡೀಬೇಡ್ರೋ" ಅಂತ ಅಮ್ಮ ಹೇಳಿದ್ದು ಯಾರ ತಲೆಗೂ ಹೋಗಿರಲಿಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಇದರ ಮೇಲೆ ಅಂತ ತಿಳಿದ ಮೇಲೆ ಬಳ್ಳಿ ಉಳಿಸಿದೆ.

ಚಿಕ್ಕ ಚಿಟ್ಟೆಯಲ್ಲ ಅದು. 1932ರಲ್ಲಿ ಅಳೆದದ್ದು ರೆಕ್ಕೆಯ ತುದಿಯಿಂದ ತುದಿಗೆ 190 ಮಿಲಿಮೀಟರ್ ಇತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ಬರೀ 4 ಮಿಲಿಮೀಟರಿನಲ್ಲಿ ಮುರಿಯುವ ತನಕ ಭಾರತದ ಅತಿ ದೊಡ್ಡ ಚಿಟ್ಟೆಯ ದಾಖಲೆ ಅದೇ. ಇಷ್ಟು ದೊಡ್ಡದಾಗಲು ಹುಳ ಎಷ್ಟು ತಿನ್ನಬೇಡ! ಒಂದೇ ಬಳ್ಳಿಯಲ್ಲಿ ನಾಲ್ಕೈದು ಹುಳ ಬೆಳೆದರೆ ಎಲೆ ಮುಗಿದು ಎಳೆ ಕಾಂಡಕ್ಕೂ ಬಾಯಿ ಹಾಕುತ್ತವೆ. ಅದಕ್ಕೇ ನಾನು ಬೀಜ ಹಾಕಿ ಇನ್ನೂ ಆರು ಬಳ್ಳಿ ಎಬ್ಬಿಸಿದೆ. ಒಣಗಿ ಬಿರಿದ ಕಾಯಿ ನೆಲುವಿನಲ್ಲಿಟ್ಟ ಪುಟ್ಟ ಬುಟ್ಟಿಯ ಹಾಗೆ ತೂಗುತ್ತಿರುತ್ತದೆ, ಬೀಜ ಅದರೊಳಗೆ.

ಹುಳದ ಬಣ್ಣ ಕಡು ಕಂದುಗೆಂಪು. ಮೈತುಂಬ ಮೆತ್ತನೆ ಕೊಂಬು, ನಡುವೆ ಓರೆಯಾಗಿ ಒಂದು ಬಿಳಿ ಪಟ್ಟಿ. ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೋಡು ಹೊರಗೆ ಹಾಕಿ ನಾತ ಬಿಡುತ್ತದೆ. ಬಳ್ಳಿಯ ವಿಷ ಮೈಗೆ ಸೇರುವುದರಿಂದ ಹಕ್ಕಿಗಳೂ ದೂರ. (ಆ ವಿಷ ನಮ್ಮ ಕಿಡ್ನಿಗೂ ಕೆಟ್ಟದ್ದು, ಮದ್ದು ಅಂತ ಕಷಾಯ ಕುಡಿಯಬೇಡಿ.)

ಮೊದಲ ವರ್ಷ ಐದು ಹುಳ ಎಣಿಸಿದ್ದೆ. ವಾರ ಬಿಟ್ಟು ನೋಡಿದರೆ ಒಂದೂ ಇಲ್ಲ. ಹೋದವು ಅಂದುಕೊಂಡು, ಬಳ್ಳಿಯೊಂದನ್ನು ಬಿಟ್ಟು ಸುತ್ತಲಿನ ಪೊದೆಯನ್ನೆಲ್ಲ ಸವರಿಸಿದೆ. ಸೊಪ್ಪು ಎಳೆಯುವಾಗ ತರಗೆಲೆಯಂಥದ್ದೊಂದು ಕೈಗೆ ತಾಗಿ 'ಸ್ಸ್' ಅಂದಿತು. ಹಾವೇ ಅಂತ ಹಿಂದಕ್ಕೆ ಹಾರಿದೆ. ನೋಡಿದರೆ ಕೋಶ! ಸೊಂಟಕ್ಕೊಂದು ನೂಲು ಬಿಗಿದುಕೊಂಡು ಕಡ್ಡಿಗೆ ಅಂಟಿತ್ತು. ಬಲಿತ ಹುಳ ಬಳ್ಳಿ ಬಿಟ್ಟು ಪಕ್ಕದ ಗಿಡಕ್ಕೆ ಹೋಗಿ ಕೋಶವಾಗುತ್ತದೆ ಅಂತ ನನಗೆ ಗೊತ್ತಾದದ್ದು ಹೀಗೆ. ಉಳಿದ ನಾಲ್ಕು ಸಿಗಲೇ ಇಲ್ಲ.

ಕಡ್ಡಿ ಸಮೇತ ತಂದು ಜಗಲಿಯ ಕಂಬಕ್ಕೆ ಕಟ್ಟಿದೆ. ಅಲ್ಲೂ ಎಡವಟ್ಟು. ರೆಕ್ಕೆ ಬಿಚ್ಚಲು ಜಾಗ ಬೇಕಲ್ವಾ? ಹದಿನೆಂಟನೇ ದಿನ ಹೊರಬಂದ ಚಿಟ್ಟೆಯ ಎಡರೆಕ್ಕೆ ಕಂಬಕ್ಕೆ ಒತ್ತಿ ಮುದುಡಿಕೊಂಡೇ ಒಣಗಿತು. ಅಮ್ಮ ಅದನ್ನು ಕೇಪಳದ ಹೂವಿನ ಮೇಲೆ ಬಿಟ್ಟಳು. ಎರಡು ದಿನ ಅಲ್ಲೇ ಇತ್ತು.

ಈಗ ಬಳ್ಳಿಯ ಸುತ್ತ ಎರಡು ಮಾರು ಜಾಗಕ್ಕೆ ಕತ್ತಿ ತಾಗಿಸುವುದು ಬೇಸಿಗೆಯಲ್ಲಿ ಮಾತ್ರ. ಅದೂ ಒಂದೊಂದೇ ಗಿಡ ಅಲುಗಿಸಿ, 'ಸ್ಸ್' ಅನ್ನುತ್ತದಾ ಅಂತ ಕೇಳಿಸಿಕೊಂಡ ಮೇಲೆ.