ಹೋಗ್ಯಾನೋ, ಹೋಗಿ ಬಂದಾನೋ: ಇಂಗ್ಲಿಷಿನ ಜೋಡಿ ವಾಕ್ಯಗಳನ್ನು ನಾನು ಕಲಿಸುವ ರೀತಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ವ್ಯಾಕರಣ ಹೇಳುತ್ತೇನೆ. ಹಲಗೆಯ ಮೇಲೆ ಎರಡು ವಾಕ್ಯ ಬರೆದರೆ ಸಾಕು, ‘ಸರ್, ಇದರಾಗ ಯಾವುದು ತಪ್ಪು?’ ಎಂಬ ಪ್ರಶ್ನೆ ಬರುತ್ತದೆ. ತಪ್ಪು ಹುಡುಕುವ ಪ್ರಶ್ನೆಪತ್ರಿಕೆಗಳು ಹಚ್ಚಿದ ಚಟ ಅದು. ಎರಡೂ ಸರಿಯಿದ್ದು ಅರ್ಥ ಮಾತ್ರ ಬೇರೆಯಾಗುವ ಜೋಡಿಗಳಲ್ಲಿ ಅವರು ಜಾರುವುದು ಇದರಿಂದಲೇ. ಹಾಗಾಗಿ ಪರ್ಫೆಕ್ಟ್, ಜೆರಂಡ್ ಎಂಬ ಹೆಸರುಗಳನ್ನು ಕಡೆಗೆ ಇಟ್ಟು, ಆ ಜೋಡಿ ನಮ್ಮ ಮನೆಮಾತಿನಲ್ಲಿ ಎರಡಾಗಿ ಒಡೆಯುತ್ತದೆಯೇ ಎಂದು ಮೊದಲು ನೋಡುತ್ತೇನೆ.

‘ಹಿ ಹ್ಯಾಸ್ ಗಾನ್ ಟು ಗದಗ’ ಅಂದರೆ ಗದಗಿಗೆ ಹೋಗ್ಯಾನ, ಈಗ ಮನ್ಯಾಗಿಲ್ಲ. ‘ಹಿ ಹ್ಯಾಸ್ ಬೀನ್ ಟು ಗದಗ’ ಅಂದರೆ ಹೋಗಿ ಬಂದಾನ, ಊರು ಅವನಿಗೆ ಗೊತ್ತು. ಇಷ್ಟಕ್ಕೆ ನಿಯಮ ಬೇಡ. ‘ಹಿ ಕೇಮ್’, ‘ಹಿ ಹ್ಯಾಸ್ ಕಮ್’ ಕೂಡ ಬಂದ, ಬಂದಾನ ಎಂದು ಸಲೀಸಾಗಿ ಕೂಡುತ್ತವೆ. ಆದರೆ ಇಲ್ಲೊಂದು ಕುಣಿ ಇದೆ. ‘ನಿನ್ನಿ ಬಂದಾನ’ ಎಂದು ನಾವು ಧಾರಾಳವಾಗಿ ಅನ್ನುತ್ತೇವೆ. ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಎಂಬುದನ್ನು ಇಂಗ್ಲಿಷ್ ಒಪ್ಪುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಕೇಮ್’ ಒಂದೇ ದಾರಿ. ಈ ಒಂದು ತಪ್ಪನ್ನು ತಿದ್ದಲು ಉಳಿದೆಲ್ಲದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

‘ಐ ಸಾ ಹಿಮ್ ಕ್ರಾಸ್ ದಿ ರೋಡ್’ ಮತ್ತು ‘ಐ ಸಾ ಹಿಮ್ ಕ್ರಾಸಿಂಗ್ ದಿ ರೋಡ್’ ಜೋಡಿಗೆ ಜ್ಯುಬಿಲಿ ಸರ್ಕಲ್ ಸಾಕು. ಈ ದಂಡೆಯಿಂದ ಆ ದಂಡೆ ಮುಟ್ಟುವವರೆಗೆ ನೋಡಿದ್ದರೆ ‘ಕ್ರಾಸ್’: ದಾಟಿದ್ದು ನೋಡಿದೆ. ಕಣ್ಣಿಗೆ ಬಿದ್ದಾಗ ಅವನು ನಡುರಸ್ತೆಯಲ್ಲಿದ್ದರೆ ‘ಕ್ರಾಸಿಂಗ್’: ದಾಟತಿದ್ದಾಗ ನೋಡಿದೆ. ಆಮೇಲೆ ಬಸ್ಸು ಬಂದು ಅಡ್ಡ ನಿಂತಿರಬಹುದು, ಆಚೆ ಮುಟ್ಟಿದನೋ ಇಲ್ಲವೋ ಎರಡನೆಯ ವಾಕ್ಯ ಹೇಳುವುದಿಲ್ಲ.

‘ಕುಡ್’ ಮತ್ತು ‘ವಾಸ್ ಏಬಲ್ ಟು’ ಎರಡಕ್ಕೂ ‘ಸಾಧ್ಯವಾಯಿತು’ ಎಂದು ಗೈಡಿನ ಕನ್ನಡದಲ್ಲಿ ಬರೆದುಕೊಂಡು ಬರುತ್ತಾರೆ. ಕಿವಿ ಮುಚ್ಚುವುದೇ ಅಲ್ಲಿ. ಆಡುಮಾತಿಗೆ ಇಳಿಸಿದರೆ ಒಡೆಯುತ್ತದೆ: ‘ಸಣ್ಣಾಂವ ಇದ್ದಾಗ ಈಸಾಕ ಬರತಿತ್ತು’ ಎಂಬುದು ‘ಕುಡ್’, ‘ಅವತ್ತು ಕೆರಿ ದಂಡಿ ಮುಟ್ಟಾಕ ಆತು’ ಎಂಬುದು ‘ವಾಸ್ ಏಬಲ್ ಟು’. ಮೊದಲನೆಯದು ಬರುತ್ತಿದ್ದ ವಿದ್ಯೆ, ಎರಡನೆಯದು ಒಂದು ಸಲ ಕೈಗೂಡಿದ ಕೆಲಸ. ‘ಆಗಲಿಲ್ಲ’ ಎನ್ನುವಾಗ ಮಾತ್ರ ‘ಕುಡಂಟ್’ ಎರಡೂ ಕಡೆ ನಡೆಯುತ್ತದೆ. ‘ಯೂಸ್ಡ್ ಟು ಗೆಟ್ ಅಪ್’ ಅಂದರೆ ಏಳತಿದ್ದೆ, ‘ಆಮ್ ಯೂಸ್ಡ್ ಟು ಗೆಟಿಂಗ್ ಅಪ್’ ಅಂದರೆ ಏಳೋದು ರೂಢಿ ಆಗೇತಿ. ಇದಕ್ಕೆ ಎರಡು ನಿಮಿಷ ಸಾಕು.

ನಮ್ಮ ಮಾತೇ ದಾರಿ ತಪ್ಪಿಸುವ ಕಡೆಯೂ ಇದೆ. ‘ಹತ್ತು ವರ್ಷದಿಂದ’, ‘2015ರಿಂದ’ ಎರಡಕ್ಕೂ ನಮ್ಮಲ್ಲಿ ‘ಇಂದ’ ಒಂದೇ, ಮೇಲೆ ‘ಇಲ್ಲೇ ಅದೇನಿ’ ಎಂಬ ವರ್ತಮಾನ. ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಹುಟ್ಟುವುದು ಹೀಗೆ. ಗೂಟವೋ ಹಗ್ಗವೋ ಎಂದು ಕೇಳಿಸುತ್ತೇನೆ. 2015 ಗೂಟ, ಅದಕ್ಕೆ ‘ಸಿನ್ಸ್’. ಹತ್ತು ವರ್ಷ ಹಗ್ಗದ ಉದ್ದ, ಅದಕ್ಕೆ ‘ಫಾರ್’. ಇಂದಿಗೂ ಇಲ್ಲೇ ಇದ್ದರೆ ‘ಹ್ಯಾವ್ ಲಿವ್ಡ್’. ‘ಐ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದರೆ ಈಗ ಬೇರೆ ಊರಲ್ಲಿದ್ದೀರಿ ಎಂದು ಕೇಳುವವರು ತಿಳಿಯುತ್ತಾರೆ.

ಮನೆಮಾತಿನಲ್ಲಿ ಒಡೆಯದ ಜೋಡಿಗೆ ಮುಂದಿನ ವಾಕ್ಯ ಬರೆಸುವುದೊಂದೇ ಉಪಾಯ. ‘ಛತ್ರಿ ತರೋದು ಬೇಕಾಗಿದ್ದಿಲ್ಲ’ ಎಂಬುದು ‘ಡಿಡಂಟ್ ನೀಡ್ ಟು ಬ್ರಿಂಗ್’, ‘ನೀಡಂಟ್ ಹ್ಯಾವ್ ಬ್ರಾಟ್’ ಎರಡಕ್ಕೂ ಸಲ್ಲುತ್ತದೆ. ಮೊದಲನೆಯದರ ಮುಂದೆ ‘ಅದಕ್ಕ ಮನ್ಯಾಗ ಬಿಟ್ಟು ಬಂದೆ’ ಎಂದು ಬರೆಯಬಹುದು. ಎರಡನೆಯದರ ಮುಂದೆ ಬರೆಯಲು ಬರುವುದಿಲ್ಲ, ಛತ್ರಿ ಆಗಲೇ ಕೈಯಲ್ಲಿದೆ, ಸುಮ್ಮನೆ ಹೊತ್ತದ್ದಾಯಿತು.

ನೋಟ್‌ಬುಕ್ಕಿನಲ್ಲಿ ಪ್ರತಿ ವಾಕ್ಯಕ್ಕೆ ಮೂರು ಸಾಲು: ಇಂಗ್ಲಿಷ್, ಮನೆಮಾತು, ಮುಂದಿನ ವಾಕ್ಯ. ದಿನಕ್ಕೆ ನಾಲ್ಕು ಜೋಡಿಗಿಂತ ಹೆಚ್ಚು ಕೊಡುವುದಿಲ್ಲ, ಕೊಟ್ಟರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಮೂರನೆಯ ಸಾಲು ಖಾಲಿ ಉಳಿದಿದ್ದರೆ ಆ ಜೋಡಿ ಇನ್ನೂ ತಿಳಿದಿಲ್ಲ ಎಂದೇ ಲೆಕ್ಕ.

ಅಲ್ಪವಿರಾಮದ ಜೋಡಿಯನ್ನು ಮಾತ್ರ ಬರೆಸದೆ ಬಾಯಲ್ಲಿ ಓದಿಸುತ್ತೇನೆ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಹಾವೇರಿ, ಈಸ್ ಎ ಟೇಲರ್’ ಎಂದು ಎರಡು ಕಡೆ ದನಿ ತಡೆದು ಓದಿದರೆ ಯಾವ ಅಣ್ಣ ಎಂಬುದು ಮೊದಲೇ ಗೊತ್ತು, ಹಾವೇರಿ ಬರೀ ಮೇಲಿನ ಮಾತು. ತಡೆಯದೆ ಓದಿದರೆ ಹಾವೇರಿಯ ಅಣ್ಣ, ಅಂದರೆ ಬೇರೆ ಊರಿನಲ್ಲಿ ಇನ್ನೊಬ್ಬ ಇದ್ದಾನೆ. ‘ಹಾವೇರ್ಯಾಗಿರೋ ನಮ್ಮಣ್ಣ’ ಎಂಬ ನಮ್ಮ ಮಾತು ಎರಡನ್ನೂ ನುಂಗುತ್ತದೆ. ಓದಿ ಮುಗಿಸಿದವರನ್ನು ‘ಅಣ್ಣಂದಿರು ಎಷ್ಟು ಮಂದಿ?’ ಎಂದು ಕೇಳುತ್ತೇನೆ.