43 ಕುಂಡ, ಒಂದು ಬಾಲ್ಕನಿ: ಮನೆ ಬದಲಿಸುವ ಮುಂಚೆ ಬೋನ್ಸಾಯ್ ಕಡಿಮೆ ಮಾಡೋದು ಹೇಗೆ?

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮಾಳಿಗೆ ಮೇಲೆ 43 ಬೋನ್ಸಾಯ್, ಅಂದರೆ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಮರಗಳು, ಇದ್ದವು. ಹದಿನೈದು ವರ್ಷದಲ್ಲಿ ಒಂದೊಂದಾಗಿ ಬಂದು ಸೇರಿದವು. ಹೋದ ವರ್ಷ ನಮ್ಮವರಿಗೆ ಕೊಪ್ಪಳಕ್ಕೆ ವರ್ಗ ಆಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಇರುವುದು ಒಂದೇ ಬಾಲ್ಕನಿ. ಪಾತ್ರೆ, ಹಾಸಿಗೆಗಳನ್ನು ಹೇಗೋ ಒಂದರ ಮೇಲೊಂದು ಪೇರಿಸಬಹುದು. ಗಿಡಗಳನ್ನು ಪೇರಿಸೋಕೆ ಆಗಲ್ಲ ಅಲ್ವಾ? ಕೊನೆಗೆ ನನ್ನ ಜೊತೆ ಬಂದದ್ದು 11. ಉಳಿದ 32 ಗಿಡ ಕಳಿಸುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗಿಡ ನೋಡಬೇಡಿ, ಹೊಸ ಮನೆ ನೋಡಿ

ಎಲ್ಲರೂ ಮೊದಲು ಮಾಡುವ ತಪ್ಪು ಗಿಡಗಳ ಮುಂದೆ ನಿಂತು ‘ಇದು ಇರಲಿ, ಇದೂ ಇರಲಿ’ ಅನ್ನೋದು. ಹಾಗೆ ನಿಂತರೆ ಒಂದೂ ಕಡಿಮೆ ಆಗುವುದಿಲ್ಲ. ನಾನು ಎರಡು ಭಾನುವಾರ ಹಾಗೇ ಕಳೆದೆ. ಆಮೇಲೆ ಒಂದು ದಿನ ಕೊಪ್ಪಳದ ಮನೆಗೆ ಹೋಗಿ ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ನೆ ಬಾಲ್ಕನಿಯಲ್ಲಿ ಕೂತೆ. ಬಿಸಿಲು ಏಳಕ್ಕೆ ಬಂತು, ಹನ್ನೊಂದಕ್ಕೆ ಹೋಯಿತು. ನಾಲ್ಕೇ ಗಂಟೆ.

ಅಲ್ಲಿಗೆ ಅರ್ಧ ಲೆಕ್ಕ ಮುಗಿಯಿತು. ಹುಣಸೆ, ಕಾಗದದ ಹೂ, ದಾಳಿಂಬೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ನಾಲ್ಕು ಗಂಟೆಯಲ್ಲಿ ಸಾಯಲಿಕ್ಕಿಲ್ಲ, ಆದರೆ ಕಡ್ಡಿ ಉದ್ದುದ್ದ ಎಳೆದುಕೊಂಡು ಆಕಾರ ಕೆಡುತ್ತದೆ, ಹೂ ಬಿಡುವುದಿಲ್ಲ. ಫೈಕಸ್ (ಆಲ, ಅರಳಿಯ ಜಾತಿ), ಜೇಡ್, ಕಾಮಿನಿ ಬೆಳಗಿನ ಬಿಸಿಲಿನಲ್ಲೇ ಚೆನ್ನಾಗಿರುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಣಸೆ. ನಾನೇ ಬೀಜ ಹಾಕಿ 12 ವರ್ಷ ಬೆಳೆಸಿದ್ದು. ಅದೇ ಮೊದಲು ಹೋಗಬೇಕಾಯಿತು.

ಬಿಸಿಲಾದ ಮೇಲೆ ನೀರಿನ ಲೆಕ್ಕ. ಬೋನ್ಸಾಯ್ ಟ್ರೇ ಆಳ ಕಡಿಮೆ, ಮಣ್ಣು ಬೇಗ ಒಣಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಎರಡು ಹೊತ್ತು ನೀರು ಬೇಕೇ ಬೇಕು. ಒಂದು ಗಿಡಕ್ಕೆ ಒಂದು ನಿಮಿಷ ಅಂದರೂ 43ಕ್ಕೆ ದಿನಕ್ಕೆ ಹತ್ತಿರ ಒಂದೂವರೆ ಗಂಟೆ. ಮಾಳಿಗೆ ಮೇಲೆ ಪೈಪ್ ಹಿಡಿದು ನಿಂತರೆ ಆಗುತ್ತಿತ್ತು. ಬಾಲ್ಕನಿಗೆ ಅಡುಗೆಮನೆಯಿಂದ ಬಕೆಟ್ ಹೊರಬೇಕು. ಮೇಲಾಗಿ ಹೆಚ್ಚಾದ ಕೆಂಪು ನೀರು ಕೆಳಗಿನ ಮನೆಯವರ ಬಟ್ಟೆ ಮೇಲೆ ಸೋರುತ್ತದೆ. ಊರಿಗೆ ಹೋದಾಗ ನೀರು ಹಾಕೋರು ಯಾರು ಅನ್ನೋದನ್ನೂ ಈಗಲೇ ಯೋಚಿಸಿ. ನೀರುಂಡ ಒಂದೂವರೆ ಅಡಿ ಟ್ರೇ ಎತ್ತಿಕೊಂಡು ಎರಡು ಮಹಡಿ ಹತ್ತಿ ನೋಡಿದರೆ ಇನ್ನೆರಡು ಗಿಡ ತಾವಾಗಿಯೇ ಪಟ್ಟಿಯಿಂದ ಇಳಿಯುತ್ತವೆ.

ಹೀಗೆ ನನಗೆ ಸಿಕ್ಕ ಸಂಖ್ಯೆ 11. ಸಂಖ್ಯೆ ಮೊದಲು ಸಿಗಬೇಕು, ಗಿಡದ ಹೆಸರು ಆಮೇಲೆ.

ಮೂರು ತಿಂಗಳು ಮುಂಚೆ ಶುರು ಮಾಡಿ

ನಮ್ಮ ಕಡೆ ಆಷಾಢದಲ್ಲಿ ಮನೆ ಬದಲಿಸುವುದಿಲ್ಲ. ಶಾಲೆ ಶುರುವಾಗುವ ಮುಂಚೆ ಸೇರಿಕೊಳ್ಳಬೇಕು ಅನ್ನೋದು ಇನ್ನೊಂದು. ಹಾಗಾಗಿ ಸುಮಾರು ಮಂದಿ ಮೇ ತಿಂಗಳಲ್ಲೇ ಸಾಮಾನು ಕಟ್ಟುತ್ತಾರೆ. ಗಿಡಗಳ ಪಾಲಿಗೆ ವರ್ಷದಲ್ಲೇ ಕೆಟ್ಟ ತಿಂಗಳು ಅದು. ಬೇರು ಕತ್ತರಿಸೋದು, ಗೂಟಿ ಕಟ್ಟೋದು (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸೋದು), ನೆಲಕ್ಕೆ ಹಾಕೋದು ಎಲ್ಲ ಮುಂಗಾರು ಹಿಡಿದ ಮೇಲಿನ ಕೆಲಸ. ನಮ್ಮವರು ಜೂನ್‌ನಲ್ಲಿ ಹೋಗಿ ರೂಮ್ ಮಾಡಿಕೊಂಡರು, ನಾನು ಶ್ರಾವಣಕ್ಕೆ ಹೊರಟೆ. ಆ ಮಳೆಗಾಲ ಸಿಗದಿದ್ದರೆ ಇದರಲ್ಲಿ ಅರ್ಧ ಕೆಲಸ ಆಗುತ್ತಿರಲಿಲ್ಲ. ನಿಮಗೆ ಮೇ ತಿಂಗಳೇ ಗಟ್ಟಿಯಾದರೆ ಬೇರಿಗೆ ಕೈ ಹಾಕಬೇಡಿ. ಇದ್ದ ಟ್ರೇಯಲ್ಲೇ ಕೊಟ್ಟುಬಿಡಿ, ಮಳೆ ಬಂದ ಮೇಲೆ ತೆಗೆದುಕೊಂಡವರು ಮಾಡಿಕೊಳ್ಳಲಿ.

ಯಾವುದು ಉಳಿಯಬೇಕು?

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ನೂರಾರು ಬೋನ್ಸಾಯ್ ಇರುವ ತೋಟ ಇದೆ, ಹೆಸರು ಕಿಷ್ಕಿಂಧಾ. (ನಿಜವಾದ ಕಿಷ್ಕಿಂಧೆ ನಮ್ಮ ಆನೆಗೊಂದಿ ಕಡೆಯದು ಅನ್ನೋದು ನಮ್ಮ ಕಡೆ ಜನರ ಹೆಮ್ಮೆ, ಆ ಮಾತು ಬೇರೆ.) ಅಲ್ಲಿ ನೋಡುವಾಗ ಕಣ್ಣು ಎಲೆ ಮೇಲೆ ನಿಲ್ಲುವುದಿಲ್ಲ, ಬುಡಕ್ಕೆ ಹೋಗುತ್ತದೆ. ನಿಮ್ಮ ಗಿಡಗಳನ್ನೂ ಹಾಗೇ ನೋಡಿ. ಬುಡದಲ್ಲಿ ಬೇರು ನಾಲ್ಕೂ ಕಡೆ ಹರಡಿ ನೆಲ ಹಿಡಿದಿದೆಯಾ? ಕಾಂಡ ಕೆಳಗೆ ದಪ್ಪ, ಮೇಲೆ ಹೋದಂತೆ ಸಣ್ಣ ಆಗಿದೆಯಾ? ಈ ಎರಡು ಇದ್ದರೆ ಕೊಂಬೆ ಕೆಟ್ಟಿದ್ದರೂ ಎರಡು ವರ್ಷದಲ್ಲಿ ತಿದ್ದಬಹುದು. ಇವಿಲ್ಲದಿದ್ದರೆ ಕೊಂಬೆ ಬಗ್ಗಿಸಲು ಎಷ್ಟು ತಂತಿ ಸುತ್ತಿದರೂ ಅಷ್ಟೇ.

ಮೊದಲು ಹೋಗಬೇಕಾದವು ‘ಮುಂದೆ ಚೆನ್ನಾಗಿ ಆಗ್ತಾವೆ’ ಅಂತ ಇಟ್ಟುಕೊಂಡ ಕಡ್ಡಿಗಳು. ನನ್ನ ಹತ್ತಿರ ಅಂಥವು ಹದಿನಾಲ್ಕಿದ್ದವು. ಆರು ವರ್ಷದಿಂದ ಮುಂದೆ ಆಗುತ್ತಲೇ ಇದ್ದವು. ಒಂದೇ ಜಾತಿಯವು ನಾಲ್ಕಿದ್ದರೆ ಒಂದು ಸಾಕು. ಜೇಡ್ ಅಂತೂ ತುಂಡು ಚುಚ್ಚಿದರೆ ಬರುತ್ತದೆ, ಎಲ್ಲವನ್ನೂ ಹೊರುವ ಕೆಲಸ ಯಾಕೆ?

ಬೆಂಗಳೂರಿನಿಂದ ಆಸೆಪಟ್ಟು ತಂದ ಜುನಿಪರ್ ಇದ್ದರೆ ಅದನ್ನು ಅಲ್ಲಿಗೇ ವಾಪಸ್ ಕಳಿಸಿ. ಅದು ಚಳಿ ಕೇಳುವ ಗಿಡ. ಬಳ್ಳಾರಿ, ಕೊಪ್ಪಳ ಎರಡೂ ಅದಕ್ಕೆ ಒಲೆ.

ಒಣಗಿದೆಯೋ ಬದುಕಿದೆಯೋ ಅಂತ ಅನುಮಾನ ಇರುವ ಗಿಡದ ತೊಗಟೆಯನ್ನು ಉಗುರಿನಿಂದ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಬುಡದವರೆಗೂ ಕಂದು ಬಣ್ಣವೇ ಇದ್ದರೆ ಟ್ರೇ ತೊಳೆದು ಒಳಗಿಡಿ.

ದೊಡ್ಡದನ್ನು ಚಿಕ್ಕದು ಮಾಡೋದು

ಒಂದು ಆಲ ಎರಡೂವರೆ ಅಡಿ ಇತ್ತು. ಬಿಡಲು ಮನಸ್ಸಿಲ್ಲ, ಒಯ್ಯಲು ಜಾಗ ಇಲ್ಲ. ಅದಕ್ಕೆ ಗೂಟಿ ಕಟ್ಟಿದೆ. ಜೂನ್ ಎರಡನೇ ವಾರ, ಒಂದು ಮಳೆ ಆದ ಮೇಲೆ, ಚೆಂದ ಕವಲೊಡೆದ ತುದಿಯ ಕೆಳಗೆ ಸುತ್ತಲೂ ಒಂದೂವರೆ ಇಂಚು ತೊಗಟೆ ಬಳೆಯ ಹಾಗೆ ತೆಗೆದೆ. ಬಿಳಿ ಹಾಲು ಸುರಿಯಿತು, ಒರೆಸಿದೆ. ಒಳಗಿನ ಜಾರುವ ಪೊರೆಯನ್ನೂ ಚಾಕುವಿನಿಂದ ಪೂರ್ತಿ ಕೆರೆಯಬೇಕು. ಒಂದೆಳೆ ಉಳಿದರೂ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ನೆನೆಸಿ ಹಿಂಡಿದ ತೆಂಗಿನ ನಾರು ಮುಷ್ಟಿಯಷ್ಟು ಇಟ್ಟು, ಪ್ಲಾಸ್ಟಿಕ್ ಸುತ್ತಿ, ಎರಡೂ ಕಡೆ ಬಿಗಿದೆ. ಆರನೇ ವಾರಕ್ಕೆ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಶಾವಿಗೆಯ ಹಾಗೆ ಕಂಡಿತು. ಇನ್ನೊಂದು ವಾರ ಬಿಟ್ಟು ಕೆಳಗೆ ಕೊಯ್ದು ಚಿಕ್ಕ ಕುಂಡಕ್ಕೆ ಹಾಕಿದೆ. ಹತ್ತು ಇಂಚಿನ ಆಲ ಜೊತೆಗೆ ಬಂತು, ಕೆಳಗಿನ ದಪ್ಪ ಮೋಟು ಬಳ್ಳಾರಿಯಲ್ಲೇ ಇನ್ನೊಬ್ಬರ ಮನೆಯಲ್ಲಿ ಚಿಗುರಿದೆ.

ನೆಲಕ್ಕೆ ಬಿಡುವುದು

ಬೋನ್ಸಾಯ್ ಹುಟ್ಟಾ ಕುಳ್ಳ ಅಲ್ಲ. ಬೇರಿಗೆ ಜಾಗ ಸಿಕ್ಕರೆ ಆಲ ಆಲವೇ, ಅರಳಿ ಅರಳಿಯೇ. ಆದ್ದರಿಂದ ಇವನ್ನು ಕಾಂಪೌಂಡ್ ಪಕ್ಕ, ಬೋರ್‌ವೆಲ್ ಪಕ್ಕ, ಮನೆ ಗೋಡೆ ಹತ್ತಿರ ಹಾಕಲೇಬೇಡಿ. ನಮ್ಮ ಅರಳಿಯನ್ನು ಕುರುಗೋಡು ಹತ್ತಿರದ ಹಳ್ಳಿಯಲ್ಲಿರುವ ತಮ್ಮ ಒಯ್ದ. ‘ಅಕ್ಕ, ಕಟ್ಟಿ ಮ್ಯಾಲೆ ಬೇವು ಒಂದೇ ಐತಿ, ಜೋಡಿ ಆಕ್ಕೈತಿ’ ಅಂದ. ಅರಳಿಗೂ ಬೇವಿಗೂ ಮದುವೆ ಮಾಡುವ ಪದ್ಧತಿ ನಮ್ಮಲ್ಲಿ ಇದೆಯಲ್ಲ. ಅವನಿಗೆ ಹೇಳಿದ್ದು ಎರಡೇ ಮಾತು. ಗುಂಡಿಗೆ ಇಳಿಸುವ ಮುಂಚೆ ಟ್ರೇ ಆಕಾರದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸಿ ಹರಡು. ಮೊದಲ ವರ್ಷ ಆಡು ಬಾಯಿ ಹಾಕದ ಹಾಗೆ ಬೇಲಿ ಕಟ್ಟು.

ಯಾರಿಗೆ ಕೊಡಬೇಕು?

ಇಲ್ಲಿ ನಾನು ಒಮ್ಮೆ ಸೋತಿದ್ದೇನೆ. ಸಂಬಂಧಿಕರೊಬ್ಬರು ‘ಎಷ್ಟು ಚೆಂದ ಐತಿ’ ಅಂತ ಒಂದು ಕಾಮಿನಿ ಒಯ್ದರು. ಹತ್ತು ದಿನ ಬಿಟ್ಟು ಹೋದರೆ ಅದು ಹಾಲ್‌ನಲ್ಲಿ ಟಿವಿ ಪಕ್ಕ ಇತ್ತು. ಟ್ರೇ ಮೇಲೆ ಧೂಳು ಒಂಚೂರಿಲ್ಲ, ದಿನಾ ಒರೆಸಿದ್ದಾರೆ. ಬಿಸಿಲು ಕಾಣದ ಗಿಡದಲ್ಲಿ ಎಲೆಯೂ ಒಂದಿಲ್ಲ. ಅದೇ ನಮ್ಮ ಓಣಿಯ ಪಂಕ್ಚರ್ ಅಂಗಡಿ ಹುಡುಗ ಚೆಂದ ಗಿಂದ ಏನೂ ಅನ್ನಲಿಲ್ಲ. ‘ಅಕ್ಕಾ, ಬ್ಯಾಸಿಗ್ಯಾಗ ದಿನಕ್ಕ ಎಷ್ಟ್ ಸಲ ನೀರು?’ ಅಂತ ಕೇಳಿದ. ಅವನಿಗೆ ಮೂರು ಕೊಟ್ಟೆ. ಹುಣಸೆಯೂ ಅವನ ಹತ್ತಿರವೇ ಇದೆ.

ಗಿಡದ ಜೊತೆ ಒಂದು ಚೀಟಿ ಕೊಡಿ. ಹುಣಸೆಯ ಚೀಟಿಯಲ್ಲಿ ಬರೆದದ್ದು ಇಷ್ಟು: ‘ಬೀಜದಿಂದ, 12 ವರ್ಷ. ಮಣ್ಣು ಬದಲಿಸಿದ್ದು ಹೋದ ವರ್ಷ ಜುಲೈ. ತಂತಿ ಇಲ್ಲ. ಬೇಸಿಗೆಯಲ್ಲಿ ಎರಡು ಹೊತ್ತು ನೀರು. ಸಂಜೆ ಎಲೆ ಮಡಚಿಕೊಳ್ಳುತ್ತದೆ, ಗಾಬರಿ ಬೇಡ.’ ತಂತಿ ಇರುವ ಗಿಡವಾದರೆ ಕೊಡುವ ಮುಂಚೆ ನೀವೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ. ಹಾಗೇ ಬಿಟ್ಟರೆ ಹೊಸಬರು ಮರೆತು ತಂತಿ ತೊಗಟೆಯೊಳಗೆ ಇಳಿಯುತ್ತದೆ.

ಕೊಡುವಾಗ ಹೊಟ್ಟೆ ಚುರುಕ್ ಅನ್ನುವುದು ಸಹಜ. ಜಪಾನಿನ ಯಮಾಕಿ ಅನ್ನೋ ಮನೆತನದವರ ಹತ್ತಿರ 1625ರಿಂದ ಕುಂಡದಲ್ಲಿ ಬೆಳೆದ ಒಂದು ಪೈನ್ ಇತ್ತು. ಹಿರೋಷಿಮಾದ ಬಾಂಬ್ ಬಿದ್ದಾಗಲೂ ಅವರ ಮನೆಯಲ್ಲಿ ಬದುಕಿ ಉಳಿದ ಗಿಡ. ಅದನ್ನು ಅವರು 1976ರಲ್ಲಿ ಅಮೆರಿಕಕ್ಕೆ ಕೊಟ್ಟರು, ಬಾಂಬ್ ಹಾಕಿದ ದೇಶಕ್ಕೇ. ವಾಷಿಂಗ್ಟನ್‌ನಲ್ಲಿ ಇನ್ನೂ ಇದೆ. ನಾನಂತೂ ಓಣಿ ಹುಡುಗನಿಗೆ ಹುಣಸೆ ಕೊಡಲು ಒಂದು ವಾರ ಯೋಚಿಸಿದೆ.

ಮಾರುವುದಾದರೆ ಟ್ರೇ ಬೆಲೆ ಬೇರೆ, ಗಿಡದ ಬೆಲೆ ಬೇರೆ ಹೇಳಿ. ಒಳ್ಳೆ ಟ್ರೇಗಾಗಿಯೇ ಗಿಡ ಕೇಳುವವರು ಇರುತ್ತಾರೆ.

ಹೊರಡುವ ದಿನ

ಹಿಂದೆ ಒಮ್ಮೆ ಬಳ್ಳಾರಿಯೊಳಗೇ ಮನೆ ಬದಲಿಸಿದಾಗ ಮೇ ತಿಂಗಳ ಮಧ್ಯಾಹ್ನ ಗಾಡಿಗೆ ಕಪ್ಪು ತಾಡಪಾಲು ಕಟ್ಟಿಸಿದ್ದೆ. ಗಾಡಿಯವರು ಊಟಕ್ಕೆ ನಿಲ್ಲಿಸಿದ್ದು ಒಂದೇ ಗಂಟೆ. ತೆಗೆದು ನೋಡಿದರೆ ಎಲೆಗಳು ಪಲ್ಯಕ್ಕೆ ಬಾಡಿಸಿದ ಸೊಪ್ಪಿನ ಹಾಗಿದ್ದವು. ಈ ಸಲ ಬೆಳಿಗ್ಗೆ ಐದಕ್ಕೇ ಹೊರಟೆವು, ಬಿಸಿಲೇರುವ ಮುಂಚೆ ಹೊಸಪೇಟೆ ದಾಟಿ ಕೊಪ್ಪಳ.

ನೀರು ಹಿಂದಿನ ದಿನ ಸಂಜೆ ಹಾಕಿ, ಬೆಳಿಗ್ಗೆ ಬೇಡ. ತೂಕವೂ ಜಾಸ್ತಿ, ಮಣ್ಣೂ ಕದಡುತ್ತದೆ. ಮಣ್ಣಿನ ಮೇಲೆ ಒದ್ದೆ ಗೋಣಿ ತುಂಡು ಇಟ್ಟು ಟ್ರೇ ಸಮೇತ ದಾರ ಸುತ್ತಿ. ಎಲ್ಲಕ್ಕಿಂತ ಒಳ್ಳೆ ಪೆಟ್ಟಿಗೆ ಅಂದರೆ ಟೊಮೆಟೊ ಕ್ರೇಟ್. ಗಾಳಿ ಆಡುತ್ತದೆ, ಸಂದಿಗೆ ಹಳೆ ಸೀರೆ ತುರುಕಿದರೆ ಟ್ರೇ ಅಲುಗುವುದಿಲ್ಲ. ಹೊರಲು ಬಂದವನು ಒಂದು ಕ್ರೇಟ್ ಎತ್ತಿ ‘ಅಮ್ಮಾ, ಇದು ಗಿಡಾನೋ ಕಲ್ಲೋ?’ ಅಂದ. ದಪ್ಪ ಬುಡದಲ್ಲೇ ನೀರು ಹಿಡಿದಿಡುವ ಅಡೇನಿಯಂಗೆ ಇದ್ಯಾವುದೂ ಬೇಡ. ಮಣ್ಣಿನಿಂದ ಕಿತ್ತು, ಬೇರು ಒದರಿ, ಪೇಪರ್ ಸುತ್ತಿ ಚೀಲಕ್ಕೆ ಹಾಕಿ. ವಾರ ಬಿಟ್ಟು ನೆಟ್ಟರೂ ಬದುಕುತ್ತದೆ. ಅದರ ಹಾಲು ವಿಷ, ಕೈ ತೊಳೆದುಕೊಳ್ಳಿ.

ಹೊಸ ಮನೆಯಲ್ಲಿ ಎರಡು ವಾರ ನೆರಳಲ್ಲೇ ಇರಲಿ, ಆಮೇಲೆ ದಿನಕ್ಕಿಷ್ಟು ಅಂತ ಬಿಸಿಲಿಗೆ ಸರಿಸಿ. ಫೈಕಸ್ ಎಲೆ ಉದುರಿಸಿದರೆ ಗೊಬ್ಬರ ಸುರಿಯಬೇಡಿ, ನೀರು ಹೆಚ್ಚಿಸಬೇಡಿ. ಜಾಗ ಬದಲಾದಾಗ ಅದು ಮಾಡುವುದೇ ಹಾಗೆ. ಹೊಸ ಚಿಗುರು ಬಂದ ಮೇಲೆ ಗೊಬ್ಬರ. ಮಣ್ಣು ಬದಲಿಸುವುದು ಬರುವ ಮುಂಗಾರಿಗೆ. ಮತ್ತೆ, ಕ್ರೇಟ್‌ಗಳನ್ನು ಮಂಡಿಯವರಿಗೆ ವಾಪಸ್ ಕೊಡಿ. ನಾನು ತಿಂಗಳು ತಡ ಮಾಡಿ ಡಿಪಾಜಿಟ್ ಕಳೆದುಕೊಂಡೆ.