ಒಂದು ಕಿಲೋ ಸ್ಪಂಜು, ಎರಡು ಮಿಲಿಗ್ರಾಂ ಪುಡಿ: ನನ್ನ ಅನುಭವ

ಡಬ್ಬದ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಹಳೇ ಮೀನಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಹಾಗೆ. ಸೂರ್ಯನ ಬೆಳಕೇ ಕಾಣದ ಕಡಲಾಳದಿಂದ ರೋಬೋಟ್ ಕೈ ಕಿತ್ತು ತಂದ ಸ್ಪಂಜು ಅದು. ಅವಸರಕ್ಕೆ ಬರಿಗೈಯಲ್ಲೇ ಎತ್ತಿಕೊಂಡೆ. ಸ್ಪಂಜಿನ ಮೈಯೊಳಗೆಲ್ಲ ಸಣ್ಣ ಸಣ್ಣ ಗಾಜಿನ ಸೂಜಿ. ಎರಡು ದಿನ ಬೆರಳು ತುರಿಸುತ್ತಲೇ ಇತ್ತು.

ಕಡಲ ತಳಕ್ಕೆ ಅಂಟಿಕೊಂಡೇ ಬದುಕುವ, ಓಡಲಾರದ, ಕಚ್ಚಲಾರದ ಪ್ರಾಣಿ ಇದು. ಅದಕ್ಕೇ ವಿಷ ಇಟ್ಟುಕೊಂಡಿರುತ್ತದೆ. ಎಷ್ಟೋ ಸಲ ಆ ವಿಷ ಮಾಡುವುದು ಸ್ಪಂಜಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಅಂಥ ವಿಷದಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ವಸ್ತು ಹುಡುಕುತ್ತಿದ್ದೆ.

ಒಂದು ಕಿಲೋ ಒಣಗಿಸಿದರೆ ಉಳಿದದ್ದು ನೂರೈವತ್ತು ಗ್ರಾಂ. ಮೆಥನಾಲ್ ಅನ್ನುವ ದ್ರಾವಕದಲ್ಲಿ ನೆನೆಸಿ, ಸೋಸಿ, ಆವಿ ಮಾಡಿದೆ. ಕಂದು ಅಂಟು ಸಿಕ್ಕಿತು, ಅದರಲ್ಲೂ ಮುಕ್ಕಾಲು ಪಾಲು ಸುಮ್ನೆ ಉಪ್ಪು! ನೀರು ಮತ್ತು ಈಥೈಲ್ ಅಸಿಟೇಟ್ (ನೀರಿನ ಮೇಲೆ ಬೇರೆ ಪದರವಾಗಿ ನಿಲ್ಲುವ ದ್ರಾವಕ) ಹಾಕಿ ಕುಲುಕಿದೆ. ಉಪ್ಪು ನೀರಿಗೆ ಹೋಯಿತು. ಮೇಲಿನ ಪದರವನ್ನು ಕಾಲಂನಲ್ಲಿ, ಅಂದರೆ ಪುಡಿ ತುಂಬಿದ ಕೊಳವೆಯಲ್ಲಿ ಹರಿಸಿ ಬೇರ್ಪಡಿಸಿದಾಗ ಒಂದು ಭಾಗ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದಿತು.

ಅದೇ ಭಾಗವನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟೆ. 391ರ ಹತ್ತಿರ ಎತ್ತರದ ಗೆರೆ. ಹೊಸ ವಸ್ತು ಸಿಕ್ಕಿತು ಅಂತ ಎರಡು ವಾರ ಅದರ ಹಿಂದೆಯೇ ಬಿದ್ದೆ. ನಮ್ಮ ಮೇಡಂ ನೋಡಿ ನಕ್ಕರು. "ಸ್ಪಂಜು ಹಾಕದೆ ಬರೀ ದ್ರಾವಕ ಓಡಿಸಿ ನೋಡಿದ್ಯಾ?" ನೋಡಿರಲಿಲ್ಲ. ಓಡಿಸಿದರೆ ಅಲ್ಲೂ ಅದೇ 391. ಪ್ಲಾಸ್ಟಿಕ್ ಟ್ಯೂಬಿನಿಂದ ಇಳಿದ ಥಾಲೇಟ್, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಹಾಕುವ ವಸ್ತು!

ಎಲ್ಲವನ್ನೂ ಗಾಜಿನ ಪಾತ್ರೆಯಲ್ಲೇ ಮತ್ತೆ ಮಾಡಿದೆ. ಕೋಶ ಕೊಲ್ಲುತ್ತಿದ್ದ ನಿಜವಾದ ವಸ್ತು ಸಿಕ್ಕಿತು, ಎರಡು ಮಿಲಿಗ್ರಾಂ. ಯಾರೋ ಆಗಲೇ ಬೇರೆ ಸ್ಪಂಜಿನಲ್ಲಿ ಕಂಡುಹಿಡಿದಿದ್ದದ್ದು. ಈಗಾಗಲೇ ಗೊತ್ತಿರುವ ವಸ್ತುಗಳ ಡೇಟಾಬೇಸ್ ಮೊದಲೇ ನೋಡಬಹುದಿತ್ತು ಅಲ್ವಾ?

ಪ್ರಮಾಣದ ಈ ಗೋಳು ನನ್ನೊಬ್ಬಳದಲ್ಲ. 1986ರಲ್ಲಿ ಜಪಾನಿನವರು ಒಂದು ಸ್ಪಂಜಿನಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವ ಹ್ಯಾಲಿಕಾಂಡ್ರಿನ್ ಬಿ ಅನ್ನುವ ವಸ್ತು ಕಂಡರು. ಆಮೇಲೆ ನ್ಯೂಜಿಲೆಂಡ್‌ನ ಕಡಲಿನಿಂದ ಬೇರೊಂದು ಜಾತಿಯ ಸ್ಪಂಜನ್ನು ಒಂದು ಟನ್ ತೆಗೆಯಲಾಯಿತು. ಅದರಲ್ಲಿ ಆ ವಸ್ತು ಸಿಕ್ಕಿದ್ದು ಸುಮಾರು 300 ಮಿಲಿಗ್ರಾಂ. 1992ರಲ್ಲಿ ರಸಾಯನಶಾಸ್ತ್ರಜ್ಞ ಯೋಶಿಟೊ ಕಿಶಿ ಅವರ ತಂಡ ಅದನ್ನು ಲ್ಯಾಬಿನಲ್ಲೇ ಕಟ್ಟಿತು. ಅಣುವಿನ ಅರ್ಧ ಭಾಗವೇ ಸಾಕು ಅಂತ ಗೊತ್ತಾದ ಮೇಲೆ ದಾರಿ ತೆರೆಯಿತು. ಹಾಗೆ ಬಂದ ಎರಿಬ್ಯುಲಿನ್ ಅನ್ನುವ ಔಷಧಿಗೆ 2010ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು.

ಫ್ರೀಜರಿನಲ್ಲಿ ಇನ್ನೊಂದು ಸ್ಪಂಜಿದೆ, ಹಳದಿ ಬಣ್ಣದ್ದು. ಈ ಸಲ ಗ್ಲೌಸ್ ಹಾಕಿಕೊಂಡಿದ್ದೇನೆ. ಬರೀ ದ್ರಾವಕವನ್ನು ನಿನ್ನೆಯೇ ಓಡಿಸಿ ಆಯಿತು.